ಬುಟ್ಟಿಯ ಕೆಳಗಿನ ಗಿಡ

"ನನ್ನ ಮನೆಯೊಳಗೆ ಮಾಂಸ ತಂದೀರೇನ್ರೀ? ಬಾಯಿ ಬಿಡ್ರೀ! ಹೌದೋ ಅಲ್ಲೋ?"

"ಅಲ್ಲ ಅಂತ ನಾಲ್ಕು ಸಲ ಹೇಳಿದೆ ಸಾವ್ಕಾರ್ರೆ. ಐದನೇ ಸಲ ಕೇಳಿದ್ರೂ ಅಲ್ಲ."

"ಹಂಗಾದ್ರೆ ಈ ನಾತ ಎಲ್ಲಿಂದ ಬಂತು? ನನ್ನ ಹೆಣ ಕೊಳೀತಾ ಐತೇನು?"

"ಅದು ನನಗೆ ಹ್ಯಾಗೆ ಗೊತ್ತಾಗ್ಬೇಕು? ಮನೆ ನಿಮ್ದು, ಮೂಗೂ ನಿಮ್ದು."

ಆ ಮೂಗಿನ ಮಾತಿಗೆ ನನ್ನ ತಲೆ ಕೆಟ್ಟಿತು. ಬ್ಯಾಡಗಿಯಲ್ಲಿ ಅಂಗಡಿಗೆ ಮೆಣಸಿನಕಾಯಿ ಹಾಕಿಸಿ ಆಗತಾನೆ ಮನೆಗೆ ಬಂದಿದ್ದೆ. ಮೂರು ದಿನ ಘಾಟು ಕುಡಿದು ಬಂದವನ ಮೂಗಿಗೂ ಬಾಗಿಲಲ್ಲೇ ಆ ನಾತ ಬಡಿದಿತ್ತು. ಸತ್ತ ಪ್ರಾಣಿಯ ನಾತ. ನಮ್ಮದು ಲಿಂಗಪೂಜೆಯ ಮನೆ. ಮೊಟ್ಟೆಯ ಚಿಪ್ಪು ಕೂಡ ಒಳಗೆ ಬಂದದ್ದಿಲ್ಲ. ನನ್ನ ತಾಯಿ ಉಚ್ಚಂಗಮ್ಮ ಮೂಗಿಗೆ ಸೆರಗು ಒತ್ತಿಕೊಂಡು ನಡುಮನೆಯಲ್ಲಿ ಕೂತಿದ್ದರು. ಪೂಜೆಗೆ ಕೂರಲು ಆಗಿರಲಿಲ್ಲ. ಹೆಂಡತಿ ನೀಲಾಂಬಿಕ ಕಿವಿಯಲ್ಲಿ ಹೇಳಿದಳು, "ನಿನ್ನೆ ಸಂಜೀಗೆ ಮಂಜಪ್ಪನೋರು ಸೊರಬದ ಬಸ್ಸಿಗೆ ಬಂದ್ರು ಕಣ್ರಿ. ಕಂಕುಳಾಗೆ ಒಂದು ಗಂಟಿತ್ತು. ಏನ್ರಿ ಅದು ಅಂದ್ರೆ, ಸಾವ್ಕಾರ್ರು ಬರ್ಲಿ ತಾಯೀ, ಆಮೇಲೆ ತೋರಿಸ್ತೀನಿ ಅಂದ್ರು."

ಅಷ್ಟು ಸಾಕಾಯಿತು ನನಗೆ. ಚಪ್ಪಲಿ ಕೂಡ ಬಿಡದೆ ಅವರ ಕೊಠಡಿಗೆ ನುಗ್ಗಿದ್ದೆ.

ಈ ಮನುಷ್ಯನನ್ನು ಮನೆಗೆ ಸೇರಿಸಿಕೊಂಡವನು ನಾನೇ. ಮಂಜಪ್ಪನವರು ಸರ್ವೆಯವರು, ಜಮೀನು ಅಳೆಯುವ ಕೆಲಸ. ಊರು ಸೊರಬ ತಾಲೂಕಿನ ಉಳವಿ. ಐವತ್ತಾರರ ಮಳೆಗಾಲ ಮುಗಿಯುವ ಹೊತ್ತಿಗೆ ಶಿಕಾರಿಪುರಕ್ಕೆ ಬಂದು, ನಮ್ಮ ಮನೆಯ ಬೀದಿ ಕಡೆಯ ಕೊಠಡಿ ಬಾಡಿಗೆಗೆ ಕೇಳಿದರು. ಮೊದಲ ದಿನವೇ ಮುಖಕ್ಕೆ ಹೇಳಿದ್ದೆ, "ನಿಮ್ಮಲ್ಲಿ ಮೀನು ಮಾಂಸ ನಡೀತೈತೆ. ಹೊರಗೆ ಏನು ಬೇಕಾದ್ರೂ ತಿನ್ರಿ, ನಾ ಕೇಳಾಕೆ ಬರಲ್ಲ. ಈ ಹೊಸ್ತಿಲೊಳಗೆ ತರಂಗಿಲ್ಲ." ಅವರು ಮಾತು ಕೊಟ್ಟರು. ಎರಡು ವರ್ಷಕ್ಕೆ ಮೇಲೆ ಆ ಮಾತು ಕೆಟ್ಟಿರಲಿಲ್ಲ.

ಅವರು ಸಾಮಾನು ಅಂತ ತಂದದ್ದು ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಮೂರು ಮಣ್ಣಿನ ಕುಂಡ. ಕುಂಡದೊಳಗೆ ಇದ್ದದ್ದನ್ನು ಗಿಡ ಅನ್ನಲು ನನಗೆ ಬಾಯಿ ಬರಲಿಲ್ಲ. ಒಂದೂ ಎಲೆ ಇಲ್ಲ. ಬೆರಳು ದಪ್ಪದ, ನಾಲ್ಕು ಮೂಲೆಯ, ಬೂದಿ ಬಳಿದ ಹಾಗಿರುವ ಹಸಿರು ಕೋಲುಗಳು. ಮೂಲೆಗುಂಟ ಗರಗಸದ ಹಲ್ಲು. ಮುಳ್ಳು ಅಂದುಕೊಂಡು ಮುಟ್ಟಿದರೆ ಮೆತ್ತಗೆ, ಕರುವಿನ ಎಳೆ ಕೋಡಿನ ಹಾಗೆ.

"ಏನ್ರೀ ಇದರ ಹೆಸರು?"

"ಅದನ್ನೇ ಹುಡುಕ್ತಾ ಇದ್ದೀನಿ" ಎಂದರು.

ಅಂಬ್ಲಿಗೊಳದ ಕಡೆ ಅಳತೆಗೆ ಹೋದಾಗ ಒಂದು ಬಂಡೆಯ ಸಂದಿನಲ್ಲಿ ಸಿಕ್ಕಿತ್ತಂತೆ. ದನ ಕಾಯುವವರನ್ನು ಕೇಳಿದರೆ ಕಳ್ಳಿ ಜಾತಿ ಅಂದರಂತೆ, ಅದಕ್ಕಿಂತ ಹೆಚ್ಚು ಯಾರಿಗೂ ಗೊತ್ತಿಲ್ಲ. ಚಿತ್ರ ಬರೆದು ಬೆಂಗಳೂರಿನ ಕಾಲೇಜಿನ ಒಬ್ಬ ಪಂಡಿತರಿಗೆ ಕಳಿಸಿದ್ದರು. ಅವರ ಉತ್ತರದ ಕಾರ್ಡು ನನಗೂ ತೋರಿಸಿದರು. "ಈ ಬಗೆಯ ಗಿಡಗಳ ಕೋಲು ನೋಡಿ ಏನೂ ಹೇಳಲಾಗದು. ಹೂವು ಕಳಿಸಿ, ಹೆಸರು ಹೇಳುತ್ತೇನೆ. ನಮ್ಮ ಪಟ್ಟಿಯಲ್ಲಿ ಇಲ್ಲದ್ದೂ ಆಗಿರಬಹುದು." ಮಂಜಪ್ಪನವರು ಹೂವಿಗೆಂದು ಮತ್ತೆ ಅಲ್ಲಿಗೆ ಹೋಗುವಷ್ಟರಲ್ಲಿ ರಸ್ತೆಯವರು ಆ ಬಂಡೆ ಒಡೆದು ಜಲ್ಲಿ ಮಾಡಿದ್ದರು. ಸುತ್ತ ಎಲ್ಲಿಯೂ ಇನ್ನೊಂದು ಸಿಗಲಿಲ್ಲ. ಉಳಿದದ್ದು ಆ ಮೂರು ಕುಂಡವೇ.

ನಾನು ಓದಿದ್ದು ಊರ ಶಾಲೆಯ ನಾಲ್ಕನೇ ಕ್ಲಾಸು. ಹೆಸರಿಲ್ಲದ ವಸ್ತು ಲೋಕದಲ್ಲಿ ಇನ್ನೂ ಉಂಟು ಅಂತ ಯಾವ ಮೇಷ್ಟ್ರೂ ನನಗೆ ಹೇಳಿರಲಿಲ್ಲ. ನನ್ನ ಅಂಗಡಿಯಲ್ಲಿ ಹೆಸರಿಲ್ಲದ ಸಾಮಾನು ಒಂದೂ ಇಲ್ಲ. ಅಂಗಡಿ ಬಾಗಿಲು ಹಾಕಿ ಬಂದವನು ಆ ಕುಂಡಗಳ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಡುತ್ತಿದ್ದೆ. ಎಂಥ ಹೂವು ಬಿಡಬಹುದು ಇದು? ಹಳದಿಯೋ? ಬಿಳಿಯೋ? ಕೋಲಿನ ಯಾವ ಕಡೆಯಿಂದ ಬರುತ್ತದೆ?

ಚಳಿಗಾಲ ಮುಗಿಯುವಾಗ ಬಿಡಬಹುದು ಅಂತ ಮಂಜಪ್ಪನವರ ಅಂದಾಜು. ಆದರೆ ಚಳಿಗಾಲವೆಲ್ಲ ಅವರಿಗೆ ಕ್ಯಾಂಪು. ಗದ್ದೆ ಕೊಯ್ಲಾದ ಮೇಲೆ ತಾನೇ ಅಳತೆ? "ಮಳೆಗಾಲ ನಾ ನೋಡ್ಕೊಳ್ತೀನಿ, ಚಳಿಗಾಲ ನೀವು ನೋಡ್ಕೊಳ್ಳಿ ಮಾರಾಯ್ರೆ" ಎಂದರು. "ಇಬ್ಬನಿ ಬೀಳೋ ಕಡೆ ಇಡ್ಬೇಡಿ, ಕೊಳೀತದೆ. ಮನೆಯೊಳಗೆ ಇಡಿ." ನಾನು ಒಪ್ಪಿದೆ. ಗಿಡ ನೋಡಿಕೊಳ್ಳುವುದು ಏನು ಮಹಾ ಕೆಲಸ ಅಂದುಕೊಂಡೆ.

ಆ ಮೊದಲ ಚಳಿಗಾಲ ನಡುಮನೆಯಲ್ಲಿ ಸಾಲಾಗಿ ಇಟ್ಟೆ. ತಿಂಗಳೊಳಗೆ ಗೋಡೆ ಬದಿಯ ಕುಂಡದ ಕೋಲುಗಳು ಬುಡದಲ್ಲಿ ಕಪ್ಪಾಗಿ, ಒತ್ತಿದರೆ ಕೊಳೆತ ಬಾಳೆಹಣ್ಣಿನ ಹಾಗೆ ಒಳಗೆ ಹೋದವು. ನಾನು ಮನೆ ಹಾರಿಹೋಗುವಂತೆ ಕೂಗಾಡಿದೆ. ಯಾರೂ ಏನೂ ಮಾಡಿಲ್ಲವಂತೆ. ಒಂದು ಬೆಳಿಗ್ಗೆ ಎದ್ದು ಬಂದರೆ ನನ್ನ ತಾಯಿ ಬೆಳ್ಳಿಯ ಗಿಂಡಿ ಹಿಡಿದು ಕುಂಡಕ್ಕೆ ಬಗ್ಗಿದ್ದಾರೆ.

"ಏನವ್ವಾ ಇದು?"

"ಪೂಜೆ ನೀರು ಕಣೋ ತಮ್ಮಾ. ತುಳಿಯೋ ಕಡೆ ಚೆಲ್ಲಬಾರ್ದು. ಹಿತ್ತಲ ಕಲ್ಲು ಇಬ್ಬನಿಗೆ ಜಾರ್ತೈತೆ. ಬಿಲ್ವದ ಗಿಡದ ತಂಕ ಹೋಗಿ ನಾ ಸೊಂಟ ಮುರ್ಕಳ್ಳಾ? ಇಲ್ಲೇ ಗಿಡ ಐತೆ, ಕುಡೀಲಿ ಪಾಪ ಅಂತ."

"ಎಷ್ಟು ದಿನದಿಂದ?"

"ಬಂದಾಗಿಂದ."

"ದಿನಾ?"

"ಪೂಜೆ ದಿನಾ ಮಾಡ್ತೀನೋ, ವಾರಕ್ಕೊಂದು ದಿನ ಮಾಡ್ತೀನೋ?"

ಅವರ ಮೇಲೆ ಕೂಗಾಡಲು ಆಗಲಿಲ್ಲ. ಮಂಜಪ್ಪನವರು ಬಂದಾಗ ತಲೆ ತಗ್ಗಿಸಿ ಹೇಳಿದೆ. ಅವರು ಸಿಟ್ಟು ಮಾಡಲಿಲ್ಲ. ನನ್ನ ಕೈ ಹಿಡಿದು ಬೀದಿ ಬಾಗಿಲಿಗೆ ಎಳೆದುಕೊಂಡು ಹೋದರು. ದೃಷ್ಟಿ ತಾಗದಿರಲಿ ಅಂತ ನಮ್ಮ ಬಾಗಿಲ ಮೇಲೆ ಲೋಳೆಸರ ಕಟ್ಟುತ್ತೇವೆ, ಬೇರು ಮೇಲೆ, ತಲೆ ಕೆಳಗೆ.

"ಇದನ್ನ ಯಾವಾಗ ಕಟ್ಟಿದ್ದು ಸಾವ್ಕಾರ್ರೆ?"

"ಯುಗಾದೀಲಿ."

"ಮಣ್ಣು?"

"ಎಲ್ಲೈತೆ ಮಣ್ಣು?"

"ನೀರು ಯಾರು ಹಾಕ್ತಾರೆ?"

"ತಲೆ ಕೆಟ್ಟೈತೇನ್ರೀ? ಅದಕ್ಕೆ ಯಾರಾದ್ರೂ ನೀರು ಹಾಕ್ತಾರಾ?"

"ಮೇಲೆ ಹತ್ತಿ ನೋಡಿ."

ಸ್ಟೂಲು ಹಾಕಿಕೊಂಡು ಹತ್ತಿದೆ. ಎಂಟು ತಿಂಗಳು ಮಣ್ಣಿಲ್ಲದೆ ನೀರಿಲ್ಲದೆ ನೇತಾಡಿದ ಆ ಲೋಳೆಸರದ ನಡುವಿನಿಂದ ಹೊಸ ಎಲೆ ಬಂದಿತ್ತು. ಬಂದದ್ದಲ್ಲದೆ, ಕೆಳಗೆ ಹೋಗುವುದನ್ನು ಬಿಟ್ಟು ಕೊಕ್ಕೆಯ ಹಾಗೆ ಬಗ್ಗಿ ಮೇಲಕ್ಕೆ ತಿರುಗಿತ್ತು. ಹುಟ್ಟಿದಾಗಿನಿಂದ ಆ ಬಾಗಿಲಲ್ಲಿ ಓಡಾಡಿದ್ದೇನೆ. ಒಂದು ದಿನವೂ ತಲೆ ಎತ್ತಿ ನೋಡಿರಲಿಲ್ಲ.

"ಇವೆಲ್ಲ ನೀರು ಮೈಯೊಳಗೇ ಇಟ್ಕೊಂಡಿರೋ ಗಿಡಗಳು" ಎಂದರು ಮಂಜಪ್ಪ. "ಚಳೀಲಿ ಸುಮ್ಮನೆ ಬಿಟ್ರೆ ಬದುಕ್ತಾವೆ. ಪ್ರೀತಿ ಮಾಡಿದ್ರೆ ಸಾಯ್ತಾವೆ."

ಎರಡನೇ ಚಳಿಗಾಲ ನಾನೇ ತಪ್ಪು ಮಾಡಿದೆ. ಥಂಡಿ ತಾಗದಿರಲಿ ಅಂತ ಒಂದು ಕುಂಡವನ್ನು ಅಡುಗೆಮನೆಯ ಅಟ್ಟದ ಮೇಲೆ, ಒಲೆಯ ಬಿಸಿಗೆ ಇಟ್ಟೆ. ನೀರು ಒಂದು ಹನಿ ಹಾಕಲಿಲ್ಲ. ಕೋಲುಗಳು ಬಿಳಿಚಿಕೊಂಡು, ಮಡಕೆಯಲ್ಲಿ ಕಟ್ಟಿಟ್ಟ ಕಾಳಿನ ಮೊಳಕೆಯ ಹಾಗೆ ಉದ್ದಕ್ಕೆ ಎಳೆದು, ಮಾಡಿನಲ್ಲಿದ್ದ ಒಂದೇ ಒಂದು ಗಾಜಿನ ಹೆಂಚಿನ ಕಡೆ ಬಾಗಿ, ಕೊನೆಗೆ ತಮ್ಮ ಭಾರಕ್ಕೇ ಮುರಿದು ಬಿದ್ದವು. ಬೇಕಾದದ್ದು ಬಿಸಿ ಅಲ್ಲ, ಬೆಳಕು ಅಂತ ಆಗ ತಿಳಿಯಿತು. ನಡುಮನೆಯಲ್ಲಿ ಬಿಟ್ಟದ್ದು ಹೇಗೋ ಉಳಿಯಿತು, ಹೂವು ಮಾತ್ರ ಬಿಡಲಿಲ್ಲ.

ಹೀಗೆ ಐವತ್ತೆಂಟರ ದೀಪಾವಳಿಗೆ ಒಂದೇ ಕುಂಡ ಉಳಿದಿತ್ತು. ಮಂಜಪ್ಪನವರು ಕ್ಯಾಂಪಿಗೆ ಹೊರಡುವಾಗ ಅದರ ಅಂಚನ್ನು ಕೈಯಿಂದ ಒರೆಸಿ, "ಇದೂ ಹೋದ್ರೆ ಇದರ ಹೆಸರು ಯಾರಿಗೂ ಗೊತ್ತಾಗೋದಿಲ್ಲ ಸಾವ್ಕಾರ್ರೆ" ಎಂದರು.

"ನಾ ಐದೀನಿ, ಹೋಗ್ರಿ" ಎಂದೆ.

ಈ ಸಲ ನಾನು ಯಾರನ್ನೂ ನಂಬಲಿಲ್ಲ. ಮರಳಿಗೆ ಇಟ್ಟಿಗೆಯ ಚೂರು ಬೆರೆಸಿ, ನೀರು ನಿಲ್ಲದ ಹಾಗೆ ಬುಡ ಕಟ್ಟಿದೆ. ಕಾಳು ಕಡಿ ಇಡುವ ಕೋಣೆಯ ಪೂರ್ವದ ಕಿಟಕಿಯಲ್ಲಿ, ಎಳೆ ಬಿಸಿಲು ಬೀಳುವ ಕಡೆ ಇಟ್ಟೆ. ಒಂದೇ ಕಡೆ ವಾಲದಿರಲಿ ಅಂತ ಸೋಮವಾರಕ್ಕೊಮ್ಮೆ ಕುಂಡವನ್ನು ಸ್ವಲ್ಪ ತಿರುಗಿಸುತ್ತಿದ್ದೆ. ಒಂದು ರಾತ್ರಿ ಇಲಿ ಬಂದು ಒಂದು ಕೋಲು ಕಡಿದು ಹೋಯಿತು. ಅಂದಿನಿಂದ ಕತ್ತಲಾಗುತ್ತಲೇ ಮೇಲೆ ಬಿದಿರಿನ ಬುಟ್ಟಿ ಕವುಚಿ, ಅದರ ಮೇಲೆ ಒಂದು ಕಲ್ಲು.

ಡಿಸೆಂಬರಿನಲ್ಲಿ ಕೋಲುಗಳು ಸೊರಗಿದವು. ಮೂಲೆಗಳು ಒಳಕ್ಕೆ ಬಿದ್ದು, ಮುದುಕರ ಕೆನ್ನೆಯ ಹಾಗಾದವು. ಎರಡು ಸಲ ಚೊಂಬಿನಲ್ಲಿ ನೀರು ತೆಗೆದುಕೊಂಡು ಹೋಗಿ, ಹಾಗೇ ವಾಪಸು ತಂದೆ. ಕಡೆಗೆ ತಡೆಯಲಾರದೆ ಕ್ಯಾಂಪಿಗೆ ಕಾರ್ಡು ಬರೆದೆ. "ಗಿಡ ಸೊರಗಿದೆ. ಏನು ಮಾಡಲಿ?" ಉತ್ತರ ಬಂತು. "ಏನೂ ಮಾಡಬೇಡಿ." ಅಷ್ಟೇ. ನನ್ನಂಥವನಿಗೆ ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ. ಆದರೂ ಮಾಡಲಿಲ್ಲ.

ಸಂಕ್ರಾಂತಿ ಕಳೆದು ವಾರಕ್ಕೆ, ಒಂದು ಕೋಲಿನ ತುದಿಯಲ್ಲಿ ರಾಗಿ ಕಾಳಿನಷ್ಟು ಸಣ್ಣ ಗಂಟುಗಳು ಕಂಡವು. ಎಣಿಸಿದೆ, ಮೂವತ್ತಕ್ಕೆ ಮೇಲೆ. ಕಾರ್ಡು ಹಾಕಿದೆ. "ಮೊಗ್ಗು." ಬರುತ್ತೇನೆ ಅಂತ ಬರೆದರು, ದಿನ ಬರೆಯಲಿಲ್ಲ. ಅಷ್ಟರಲ್ಲಿ ನನಗೆ ಬ್ಯಾಡಗಿಗೆ ಹೋಗಲೇಬೇಕಾಯಿತು. ಹೊರಡುವ ಬೆಳಿಗ್ಗೆ ನಾನೇ ಬುಟ್ಟಿ ಕವುಚಿ, ಕಲ್ಲಿಟ್ಟು, ಕೋಣೆ ಬಾಗಿಲು ಎಳೆದು ಹೇಳಿದೆ, "ನಾ ಬರೋ ತಂಕ ಯಾರೂ ಬುಟ್ಟಿ ಎತ್ತಂಗಿಲ್ಲ. ಬುಟ್ಟಿ ಇರ್ಲಿ, ಈ ಬಾಗಿಲೇ ತೆಗೀಬೇಡ್ರಿ. ಮಂಜಪ್ಪ ಬಂದ್ರೂ ಅಷ್ಟೇ. ತೆಗೆದ್ರೋ, ನಾ ಮನುಷ್ಯ ಅಲ್ಲ."

"ಗೊತ್ತೈತೆ ಬಿಡ್ರಿ" ಎಂದಳು ನೀಲಾಂಬಿಕ.

ನನ್ನನ್ನು ನಂಬಿ ಗಿಡ ಬಿಟ್ಟುಹೋಗಿದ್ದ ಮಂಜಪ್ಪನವರ ಮುಂದೆಯೇ ಈಗ ನಾನು ಬಾಯಿಗೆ ಬಂದದ್ದು ಆಡುತ್ತ ನಿಂತಿದ್ದೆ.

"ಆ ಗಂಟು ಬಿಚ್ರಿ" ಎಂದೆ.

ಮಂಜಪ್ಪನವರು ಟ್ರಂಕಿನ ಕೀಲಿಯನ್ನು ನನ್ನ ಕೈಗೆ ಕೊಟ್ಟರು. "ನಾ ಬಿಚ್ಚೋದಿಲ್ಲ. ಅನುಮಾನ ನಿಮ್ದು. ನೀವೇ ಹುಡುಕಿ, ಒಂದೂ ಬಿಡದೆ ಹುಡುಕಿ."

ಸ್ವಲ್ಪ ಬುದ್ಧಿ ಇದ್ದವನು ಅಲ್ಲಿಗೆ ನಿಲ್ಲಿಸುತ್ತಿದ್ದ. ನಾನು ಟ್ರಂಕನ್ನು ಬೋರಲು ಹಾಕಿದೆ. ಎರಡು ಅಂಗಿ, ಒಂದು ಪಂಚೆ, ಅವಲಕ್ಕಿಯ ಡಬ್ಬಿ, ಅಳತೆಯ ಪುಸ್ತಕ, ಒಂದು ಭೂತಗನ್ನಡಿ. ಹಾಸಿಗೆ ಕೊಡವಿದೆ. ಕೊನೆಗೆ ಗಂಟು ಬಿಚ್ಚಿದೆ. ಅದರೊಳಗೆ ನಯವಾಗಿ ಉಜ್ಜಿದ ಎರಡು ಹಲಗೆ, ಹಳೆಯ ಪೇಪರಿನ ಮಡಿಕೆಗಳು, ಬಿಗಿಯಲು ಎರಡು ಪಟ್ಟಿ. ಹೂವನ್ನು ಒತ್ತಿ ಒಣಗಿಸಿ ಬೆಂಗಳೂರಿಗೆ ಕಳಿಸುವ ಸಾಧನ. ಮಡಿಕೆಯಿಂದ ಒಂದು ಚೀಟಿ ಜಾರಿ ನೆಲಕ್ಕೆ ಬಿತ್ತು. ಅವರ ದುಂಡು ಅಕ್ಷರ. "ಸಿಕ್ಕಿದ ಸ್ಥಳ, ಅಂಬ್ಲಿಗೊಳ. ಸಂಗ್ರಹಿಸಿದವರು, ಮಂಜಪ್ಪ, ಉಳವಿ. ಚಳಿಗಾಲದಲ್ಲಿ ಸಾಕಿದವರು, ಗಂಗಾಧರಪ್ಪ, ಶಿಕಾರಿಪುರ." ಹೆಸರು ಅಂತ ಬರೆದು ಅದರ ಮುಂದೆ ಖಾಲಿ ಬಿಟ್ಟಿದ್ದರು.

ನನ್ನ ಹೆಸರು ಓದಿದ ಮೇಲಾದರೂ ಬಾಯಿ ಮುಚ್ಚಬೇಕಿತ್ತು. ಸಿಟ್ಟು ಬಂದಾಗ ನನಗೆ ನನ್ನ ಬಾಯಿ ನನ್ನದಲ್ಲ.

"ಇಲ್ಲಿ ಇಲ್ಲ ಅಂದ್ರೆ, ತಿಂದು ಮುಗಿಸಿ ಎಲುಬು ಎಲ್ಲೋ ಎಸೆದೀರಿ" ಎಂದೆ.

ಮಂಜಪ್ಪನವರ ಮುಖ ಒಂದೇ ಸಲಕ್ಕೆ ಬಿಗಿಯಿತು. ಅವರು ಏನೋ ಹೇಳುವ ಮೊದಲೇ ನಡುಮನೆಯಿಂದ ನನ್ನ ತಾಯಿಯ ದನಿ ಬಂತು.

"ಲೇ ತಮ್ಮಾ, ನಾತ ನಿನ್ನೆ ಬೆಳಿಗ್ಗೇನೆ ಇತ್ತಲ್ಲೋ. ಇವ್ರು ಬಂದಿದ್ದು ಸಂಜೀಗೆ. ಅವಾಗಿಂದ ಹೇಳ್ಬೇಕು ಅಂತಿದೀನಿ, ನೀ ಬಾಯಿ ಮುಚ್ಚಿದ್ರೆ ತಾನೇ ನಾ ತೆಗ್ಯೋದು?"

ನಾನು ನಡುಮನೆಗೆ ಬಂದೆ. ಅಲ್ಲಿ ಗುಂಯ್ ಅನ್ನುವ ಸದ್ದು ಕೇಳಿತು. "ನೊಣ ನೋಡ್ರಿ!" ಎಂದಳು ನೀಲಾಂಬಿಕ. ದಪ್ಪ ದಪ್ಪ ಹಸಿರು ನೊಣಗಳು, ಸತ್ತ ದನಕ್ಕೆ ಮುತ್ತುವಂಥವು, ನಡುಮನೆ ದಾಟಿ ಕಾಳಿನ ಕೋಣೆಯ ಬಾಗಿಲ ಸಂದಿನಲ್ಲಿ ಒಂದೊಂದಾಗಿ ನುಸುಳುತ್ತಿದ್ದವು. ಅವುಗಳ ಹಿಂದೆ ನಾವು ಮೂವರೂ ಹೋದೆವು. ಬಾಗಿಲು ತೆಗೆದರೆ ನಾತ ಮುಖಕ್ಕೆ ಹೊಡೆಯಿತು. ಬುಟ್ಟಿಯ ಮೈ ಕಾಣದಷ್ಟು ನೊಣ.

"ಇಲಿ ಸತ್ತೈತೆ" ಎಂದು ನಾನು ಕಲ್ಲು ತೆಗೆದು ಬುಟ್ಟಿ ಎತ್ತಿದೆ.

ಇಲಿ ಇರಲಿಲ್ಲ. ಕೋಲಿನ ತುದಿಯಲ್ಲಿ ನಿಂಬೆಹಣ್ಣಿನ ಗಾತ್ರದ ಒಂದು ಚೆಂಡು ಇತ್ತು. ಚೆಂಡಿನ ತುಂಬ ಐದೈದು ಮೂಲೆಯ ಪುಟ್ಟ ನಕ್ಷತ್ರಗಳು. ಬಣ್ಣ ಹಳದಿಯೂ ಅಲ್ಲ, ಬಿಳಿಯೂ ಅಲ್ಲ. ಒಣಗಿದ ರಕ್ತದ ಬಣ್ಣ. ಅಂಚಿನಲ್ಲಿ ಕೂದಲಿನಂಥ ಎಳೆಗಳು, ನೊಣದ ರೆಕ್ಕೆಯ ಗಾಳಿಗೇ ನಡುಗುತ್ತಿದ್ದವು.

ನಾನೂ ಮಂಜಪ್ಪನವರೂ ಒಟ್ಟಿಗೇ ಮಂಡಿಯೂರಿದೆವು. ಎಷ್ಟು ಹೊತ್ತು ಹಾಗೆ ಇದ್ದೆವೋ. ನಾನು ಮೂಗು ಹತ್ತಿರ ಒಯ್ದವನು ಹಿಂದಕ್ಕೆ ಬಿದ್ದೆ. ನೀಲಾಂಬಿಕ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಮಂಜಪ್ಪನವರು ಭೂತಗನ್ನಡಿ ತಂದು ಮೊದಲು ತಾವು ನೋಡಿ, ಆಮೇಲೆ ನನ್ನ ಕೈಗೆ ಕೊಟ್ಟರು. ನಕ್ಷತ್ರದ ನಡುವೆ ಎಳ್ಳಿಗಿಂತ ಸಣ್ಣ ಬಿಳಿ ಕಣಗಳು ಅಂಟಿಕೊಂಡಿದ್ದವು.

"ಏನ್ರೀ ಇವು?"

"ಮೊಟ್ಟೆ. ನೊಣದ್ದು. ಮಾಂಸ ಅಂತ ನಂಬಿ ಇಟ್ಟಾವೆ."

"ಮರಿ ಆದ್ರೆ ತಿನ್ನಾಕೆ?"

"ಏನೂ ಇಲ್ಲ. ಉಪವಾಸ ಸಾಯ್ತಾವೆ. ಗಿಡಕ್ಕೇನು, ನೊಣ ಒಂದು ಹೂವಿನ ಪುಡಿ ಇನ್ನೊಂದಕ್ಕೆ ಮುಟ್ಟಿಸಿ ಹೋದ್ರೆ ಆಯ್ತು."

"ಜೇನು, ಚಿಟ್ಟೆ ಬಿಟ್ಟು ಈ ದರಿದ್ರ ನೊಣಾನೇ ಯಾಕ್ರೀ ಬೇಕು ಇದಕ್ಕೆ?"

"ಅದೇ ಅಲ್ವಾ ತಿಳೀಬೇಕಾದ್ದು" ಎಂದರು. ಕಣ್ಣು ಹೊಳೆಯುತ್ತಿತ್ತು. ಆ ಒಂದು ಗಳಿಗೆ, ಹಿಂದಿನ ಮಾತೆಲ್ಲ ಆಡಿಯೇ ಇಲ್ಲವೇನೋ ಅನ್ನುವ ಹಾಗಿತ್ತು. ನಾನು ಅಷ್ಟಕ್ಕೆ ಬಿಡದೆ ಅವರ ಬೆನ್ನು ತಟ್ಟಿ ಹೇಳಿದೆ, "ಅಂತೂ ನಿಮ್ದು ತಪ್ಪಿಲ್ಲ ಬಿಡ್ರಿ."

ಮಂಜಪ್ಪನವರು ಭೂತಗನ್ನಡಿಯನ್ನು ಪಂಚೆಯ ತುದಿಯಿಂದ ಒರೆಸಿದರು. ಬಹಳ ಹೊತ್ತು ಒರೆಸಿದರು.

"ಹೂವು ಬಿಟ್ಟಿತು, ತಪ್ಪಿಲ್ಲ ಅಂದ್ರಿ. ಬಿಡದೇ ಇದ್ದಿದ್ರೆ ಸಾವ್ಕಾರ್ರೆ? ಎಲ್ಲೋ ಗೋಡೆ ಸಂದೀಲಿ ಇಲಿ ಸತ್ತು, ಕೈಗೆ ಸಿಗದೇ ಹೋಗಿದ್ರೆ?"

ನನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಹೊರಗೆ ಹಾಕ್ತಿದ್ದೆ" ಎಂದೆ.

"ಎರಡು ವರ್ಷ ನೋಡಿದ ಮೇಲೂ?"

ನಾನು ಬುಟ್ಟಿಯನ್ನು ಎತ್ತಿ ಗೋಡೆಗೆ ಒರಗಿಸಿದೆ. ಅವರು ಹ್ಞೂಂ ಎಂದರು. ಎದ್ದು ಹೋಗಿ ಹಲಗೆ, ಪೇಪರು ತಂದರು. ಬ್ಲೇಡಿನಿಂದ ಹೂವಿನ ಚೆಂಡನ್ನು ಬುಡದಲ್ಲಿ ಕೊಯ್ದು, ನೊಣ ಊದಿ, ಮೂರು ನಕ್ಷತ್ರಗಳನ್ನು ಬಿಡಿಸಿ ಬೇರೆ ಇಟ್ಟು, ಉಳಿದದ್ದನ್ನು ಮಡಿಕೆಯಲ್ಲಿ ಇಟ್ಟು ಹಲಗೆ ಬಿಗಿದರು. ಕೊಠಡಿಗೆ ಹೋಗಿ ನಾನು ಚೆಲ್ಲಿದ ಬಟ್ಟೆಗಳನ್ನು ಒಂದೊಂದಾಗಿ ಮಡಚಿ ಟ್ರಂಕಿಗೆ ಹಾಕಿದರು. ನೆಲದ ಮೇಲಿದ್ದ ಚೀಟಿಯ ಮೇಲೆ ನನ್ನ ಚಪ್ಪಲಿಯ ಗುರುತು ಬಿದ್ದಿತ್ತು. ಅದನ್ನು ಎತ್ತಿ, ಧೂಳು ಕೊಡವಿ, ಅಳತೆಯ ಪುಸ್ತಕದೊಳಗೆ ಇಟ್ಟರು. ಅದರಲ್ಲಿ ನನ್ನ ಹೆಸರು ಹಾಗೇ ಇರುತ್ತದೋ, ಹೊಡೆದುಹಾಕುತ್ತಾರೋ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

"ರೊಟ್ಟಿ ಬಡಿದೀನಿ, ಉಂಡು ಹೋಗ್ರಿ ಮಂಜಪ್ಪನೋರೆ" ಎಂದಳು ನೀಲಾಂಬಿಕ.

"ಬ್ಯಾಡ ತಾಯೀ. ಹೂವು ಬಾಡೋದ್ರೊಳಗೆ ಬೆಂಗಳೂರಿಗೆ ಕಳಿಸ್ಬೇಕು."

"ಕುಂಡ?" ಎಂದೆ ನಾನು.

"ನೀವು ಸಾಕಿದ್ದು. ಇರ್ಲಿ. ಶಿವರಾತ್ರಿ ತನಕ ನೀರು ಬೇಡ."

ತಪ್ಪಾಯಿತು ಅನ್ನಬೇಕಿತ್ತು. ಬಾಯಿಗೆ ಬಂದದ್ದು ಬೇರೆ. "ಬಸ್ಸು ಹನ್ನೊಂದೂವರೆಗೆ" ಎಂದೆ.

ಮಂಜಪ್ಪನವರು ಎತ್ತರದ ಆಳು. ಟ್ರಂಕು ಒಂದು ಕೈಯಲ್ಲಿ, ಹಲಗೆ ಕಂಕುಳಲ್ಲಿ, ಲೋಳೆಸರ ತಲೆಗೆ ತಾಗದ ಹಾಗೆ ಬಗ್ಗಿ ಬಾಗಿಲು ದಾಟಿದರು. ಹಾಸಿಗೆ ಸುರುಳಿ ಇಲ್ಲೇ ಬಿಟ್ಟಾರೆ, ನಾಲ್ಕು ದಿನಕ್ಕೆ ಬಂದೇ ಬರ್ತಾರೆ ಎಂದಳು ನೀಲಾಂಬಿಕ. ನನಗೂ ಹಾಗೇ ಅನಿಸಿತು. ಬಂದಾಗ ಏನು ಹೇಳಬೇಕು ಅಂತ ಅಂಗಡಿಯಲ್ಲಿ ಕೂತು ಮಾತು ಜೋಡಿಸಿಕೊಂಡೆ.

ಎಂಟನೇ ದಿನ ಹಾಸಿಗೆ ಒಯ್ಯಲು ಸರ್ವೆಯವರ ಕಡೆಯ ಒಬ್ಬ ಜವಾನ ಬಂದ. ಅವನನ್ನು ಕೂರಿಸಿ, ಕಾಫಿ ಕೊಡಿಸಿ ಕೇಳಿದೆ, "ಬೆಂಗಳೂರಿಂದ ಕಾಗದ ಬಂತಾ? ಹೆಸರೇನಂತೆ?"

"ಯಾರ ಹೆಸರು?" ಎಂದ ಅವನು.

ಮಂಜಪ್ಪನವರು ಆಮೇಲೂ ಬರಲಿಲ್ಲ.